ಏಳು ಎಲುಬು

ಈದಿಗೆ ಇನ್ನು ನಾಲ್ಕೇ ರಾತ್ರಿ.
ಮೂವತ್ತೊಂದು ದಿಶ್‌ದಾಶ, ನಾಲ್ಕು ಮಿಷನ್ನು,
ಹತ್ತಿರ ಹೋಗಿ ಬೇಡಿಕೊಂಡರೆ ಮಾತ್ರ
ಗಾಳಿ ಕೊಡುವ ಒಂದು ಫ್ಯಾನು.
ಸೂರ್ ಪೇಟೆಯ ಈ ದರ್ಜಿ ಅಂಗಡಿಯಲ್ಲಿ
ರೆಪ್ಪೆ ಕೂಡದಿರಲೆಂದು
ನಾವು ಪ್ರಾಣಿಗಳನ್ನು ಕರೆಯುತ್ತೇವೆ.
ಸೋತವನು ಎಲ್ಲರಿಗೂ ಕರಕ್ ಚಹಾ ಕುಡಿಸಬೇಕು.

ಶುರು ಹಚ್ಚುವವನು ಯಾವಾಗಲೂ ಅದ್ರಾಮ.
ಉಳ್ಳಾಲದಲ್ಲಿರುವ ಅವನ ಮಗಳಿಗೆ ಕ್ವಿಜ್ಜಿನ ಹುಚ್ಚು,
ದಿನಕ್ಕೊಂದು ವಾಯ್ಸ್ ಮೆಸೇಜು:
"ಉಪ್ಪಾ, ಜಿರಾಫೆಯ ಕೊರಳಲ್ಲಿ ಏಳೇ ಎಲುಬು.
ನಿಮ್ಮ ಕೊರಳಲ್ಲೂ ಏಳೇ."

"ಸುಳ್ಳದ," ಅಂದ ಸಾಯಬಣ್ಣ,
ಟೇಪು ಹಿಡಿಯದೆ ಏನನ್ನೂ ನಂಬದ ಕಟಿಂಗ್ ಮಾಸ್ತರ,
ಯಾದಗಿರಿ ಕಡೆಯವನು.
"ಅಷ್ಟುದ್ದ ಕುತ್ತಿಗಿಗಿ ಏಳು ಎಲುಬು ಸಾಲ್ತಾವೇನು?
ಹದಿನೆಂಟರೆ ಬೇಕು. ಬಟ್ಟಿ ಲೆಕ್ಕ ನನಗ ಗೊತ್ತದ."
ಫೆಲಿಕ್ಸನ ತಲೆ ಬಗ್ಗಿಸಿ, ಕಾಲರು ಸರಿಸಿ,
ನೀಲಿ ಸುಣ್ಣದ ಬಿಲ್ಲೆಯಿಂದ
ಗಂಟಿಗೊಂದು ಗೀಟು ಎಳೆಯುತ್ತ ಬಂದ.
ಒಂದು, ಎರಡು, ಮೂರು,
ಲೆಕ್ಕ ಐದಕ್ಕೆ ನಿಂತಿತು.
"ಉಳಿದೆರಡು ಮಂಗಳೂರಿನ ಸೊಸೈಟಿಯಲ್ಲಿ
ಅಡವಿಟ್ಟಿದ್ದೇನೆ ಮಾರಾಯ," ಅಂದ ಫೆಲಿಕ್ಸ್,
ತಗ್ಗಿಸಿದ ತಲೆ ಎತ್ತದೆ.

ಆಕ್ಟೋಪಸ್ಸಿಗೆ ಮೂರು ಹೃದಯ.
ಈಜತೊಡಗಿದರೆ ಒಂದು ಬಡಿತ ನಿಲ್ಲಿಸುತ್ತದಂತೆ.
ಸಾಯಬಣ್ಣನ ಚಿಂತೆಯೇ ಬೇರೆ:
ಎಂಟು ತೋಳಿಗೆ ಎಷ್ಟು ಮೀಟರು,
ಜೇಬು ಯಾವ ಎದೆಯ ಮೇಲೆ?

ಒಂಟೆಯ ಡುಬ್ಬದಲ್ಲಿ ನೀರೆಂದು ಪಟ್ಟು ಹಿಡಿದವನು ನಾನು.
ಮೂರನೇ ಕ್ಲಾಸಿನ ಟೀಚರು ಹೇಳಿದ್ದು ಅದು.
ಆ ಮಾತನ್ನು ಅರಬ್ಬಿ ಸಮುದ್ರ ದಾಟಿಸಿ ತಂದಿದ್ದೆ,
ಕಸ್ಟಮ್ಸಿನವರೂ ಹಿಡಿದಿರಲಿಲ್ಲ.
ಅಳತೆ ಕೊಡಲು ಬಂದ ಖಮೀಸ್ ಎಂಬ ಬೆಸ್ತ
ಎರಡೂ ಕೈ ಚಾಚಿ ನಿಂತವನು ಹಾಗೆಯೇ ನಕ್ಕ:
"ಕೊಬ್ಬು, ಸದೀಖ್, ಬರೀ ಕೊಬ್ಬು.
ಈದ್ ಮುಗಿಯಲಿ, ನನ್ನ ಹೊಟ್ಟೆಯಲ್ಲೂ ತೋರಿಸುತ್ತೇನೆ."
ಐದು ಚಹಾ ನನ್ನ ಲೆಕ್ಕಕ್ಕೆ ಬಿತ್ತು.

ಮೂರು ಗಂಟೆಗೆ ಫೋನು ಮತ್ತೆ ಮಿನುಗಿತು.
ಅಲ್ಲಿ ಅತ್ತಾಳಕ್ಕೆ ಎದ್ದ ಹೊತ್ತು,
ಮಗಳ ಬಾಯಲ್ಲಿ ಅನ್ನವೋ ನಿದ್ದೆಯೋ:
"ಉಪ್ಪಾ, ಕಡಲಾಮೆ ಎಷ್ಟು ವರ್ಷ ಕಳೆದರೂ
ತಾನು ಹುಟ್ಟಿದ ಕಡೆಗೇ ಮೊಟ್ಟೆಯಿಡಲು ಬರುತ್ತದಂತೆ.
ನಿಮ್ಮ ಸೂರಿನ ಹತ್ತಿರವೂ ಬರುತ್ತದಂತೆ. ನೋಡಿದ್ದೀರಾ?"

ಹನ್ನೊಂದು ವರ್ಷ. ನಮ್ಮಲ್ಲಿ ಯಾರೂ ನೋಡಿಲ್ಲ.
ಶುಕ್ರವಾರವೂ ಗುಂಡಿ ಇರುತ್ತದೆ, ಕಾಜಾ ಇರುತ್ತದೆ.

ಖಮೀಸ್ ತಲೆಯಾಡಿಸಿದ. ನಿಜ, ನೂರಾರು ಸಲ ಕಂಡಿದ್ದಾನೆ.
ಆಮೇಲೆ, ಬಲೆಯ ಕಣ್ಣು ಸರಿಪಡಿಸುವವನ ಹಾಗೆ
ಒಂದು ಬೆರಳೆತ್ತಿದ:
"ಹೆಣ್ಣು ಮಾತ್ರ. ಗಂಡು ಮರಿ
ಒಮ್ಮೆ ಮರಳಿನಿಂದ ನೀರಿಗೆ ಇಳಿದರೆ ಖಲಾಸ್.
ದಡ ಹತ್ತುವುದು ಇಲ್ಲವೇ ಇಲ್ಲ ಅನ್ನಬೇಕು."

ನಾಲ್ಕು ಸೂಜಿಯೂ ಬಟ್ಟೆಯೊಳಗೇ ನಿಂತವು.

ಮೊದಲು ಕೆಮ್ಮಿದವನು ಸಾಯಬಣ್ಣ.
"ಯಾವಾಂವ ನೋಡ್ಯಾನ? ಸಮುದ್ರದಾಗ ಇಳಿದು
ಹಾಜರಿ ಹಿಡಿದಾರೇನು?"
"ಅಮಾವಾಸ್ಯೆಗೆ ಬರುತ್ತಿರಬಹುದು," ಅಂದೆ ನಾನು.
"ರಜೆ ಸಿಕ್ಕಿರಲಿಕ್ಕಿಲ್ಲ," ಅಂದ ಫೆಲಿಕ್ಸ್.
ಕೈ ಎತ್ತಿಸಿ ಮತ ಎಣಿಸಿದೆವು:
ಗಂಡಾಮೆ ದಡಕ್ಕೆ ಬರುತ್ತದೆ, ಮೂರು.
ಬರುವುದಿಲ್ಲ, ಒಂದು.
ಅದ್ರಾಮ ಕೈ ಎತ್ತಲಿಲ್ಲ;
ಫೋನಿಗೆ ಏನೋ ಹೇಳಿ ಅಳಿಸುತ್ತಿದ್ದ, ಮತ್ತೆ ಹೇಳುತ್ತಿದ್ದ.
ಕೊನೆಗೆ ಕಳಿಸಿದ್ದು ಇಷ್ಟೇ:
"ಇಲ್ಲಿ ಇನ್ನೂ ಚರ್ಚೆ ನಡೀತಾ ಉಂಟು ಮಗಳೇ.
ನೀನು ನೀರು ಕುಡಿ, ಬಾಂಗು ಆಗ್ತದೆ."

ಖಮೀಸನಿಗೆ ಕನ್ನಡ ಬಾರದು.
ಆದರೂ ಏನೋ ಅರ್ಥವಾದವನಂತೆ
ಸತ್ಯ ಹೇಳಿದ ತಪ್ಪಿಗೆ
ಐದೂ ಚಹಾದ ದುಡ್ಡು ತಾನೇ ಕೊಟ್ಟ.

ಆ ಹೊತ್ತಲ್ಲಿ ಕತ್ತರಿಸಿದ ಅವನ ದಿಶ್‌ದಾಶದ ಎಡತೋಳು
ಬಲಕ್ಕಿಂತ ಒಂದಿಂಚು ಗಿಡ್ಡ.
ಇಸ್ತ್ರಿ ಹಾಕುವಾಗ ನಾಲ್ವರೂ ನೋಡಿದೆವು.
ಅದನ್ನು ಯಾರೂ ಚರ್ಚೆಗೆ ತರಲಿಲ್ಲ.