ಶಿಡ್ಲಘಟ್ಟದ ಸೊನ್ನೆ

ಇಪ್ಪತ್ತೊಂಬತ್ತು ವರ್ಷ ನಾನು ಕಾಲೇಜಿನ ಅಟೆಂಡರು,
ಹಾಜರಿ ಪುಸ್ತಕದಲ್ಲಿ ಪಿಳ್ಳಾಂಜಿನಪ್ಪ.
ಕೆಮಿಸ್ಟ್ರಿ ಲ್ಯಾಬಿನ ಕೊನೇ ಬೀರು, ಕೆಳಗಿನ ಖಾನೆ,
ಅದರ ಬೀಗದಕೈ ನನ್ನ ಉಡಿದಾರದಲ್ಲಿ.
ಕಂದು ಸೀಸೆಯ ಬಿರಡೆ ತೆಗೆದರೆ
ಕೆಂಪು ಹೊಗೆ ಮೈಮುರಿದು ಏಳುತ್ತಿತ್ತು,
ಕಣ್ಣಿಗೆ ಈರುಳ್ಳಿ, ಗಂಟಲಿಗೆ ಗರಗಸ.
ಹುಳುಮನೆ ತೊಳೆಯುವ ಬ್ಲೀಚಿಂಗ್ ಪುಡಿಯ ದಾಯಾದಿ ಇದು ಅಂತ
ಮೂಗೇ ಹೇಳಿತ್ತು ನನಗೆ, ಪುಸ್ತಕ ಆಮೇಲೆ.

ಆ ಸೀಸೆಯ ಮುಂದೆ ಮೂಗು ಮುಚ್ಚದೆ ನಿಂತ ಹುಡುಗಿ
ರೀಲರ್ ಖುರ್ಷಿದಮ್ಮನ ಮಗಳು ರುಖಿಯಾ.
ಈಗ ಸಮಭಾಜಕ ವೃತ್ತದ ಹತ್ತಿರ ಹಡಗಿನಲ್ಲಿದ್ದಾಳೆ,
ಆ ಹೊಗೆಯ ಮೊಮ್ಮಗನ ಮೊಮ್ಮಗನನ್ನು ಹುಡುಕುತ್ತ.

ಅಲೆಯ ತುಂತುರಿಂದ ಏಳುತ್ತಂತೆ,
ಕಡಲಪಾಚಿ ಉಸಿರು ಬಿಟ್ಟಾಗ ಏಳುತ್ತಂತೆ,
ಬಿಸಿಲು ತಾಗಿದರೆ ಬಿಡಿಯಾಗಿ ಓಝೋನಿನ ಮನೆ ಹೊಕ್ಕು
ಒಂದು ಆಮ್ಲಜನಕ ಕಸಿದು, ಬೇರೆಯವರಿಗೆ ದಾಟಿಸಿ,
ಬರಿಗೈಯಲ್ಲಿ ಮತ್ತೆ ಅದೇ ಬಾಗಿಲಿಗೆ.
ತಾನು ಸವೆಯುವುದಿಲ್ಲ. ಮನೆ ಸವೆಯುತ್ತದೆ.

"ಎಷ್ಟಿರುತ್ತೆ ಮಗಳೇ?"
"ಲಕ್ಷ ಕೋಟಿಯಲ್ಲಿ ಒಂದೋ ಎರಡೋ, ಅಂಜಿನಣ್ಣ."

ನನಗೆ ಬರುವ ಲೆಕ್ಕ ರಾಗಿಯದು.
ಲ್ಯಾಬಿನ ತಕ್ಕಡಿಯಲ್ಲಿ ನೂರು ಕಾಳು ತೂಗಿ,
ಗುಣಿಸಿ, ಸೊನ್ನೆ ತಪ್ಪಿ, ಮತ್ತೆ ಗುಣಿಸಿ:
ಕ್ವಿಂಟಾಲ್ ಮೂಟೆ ಇಪ್ಪತ್ತೈದು ಸಾವಿರ.
ನಮ್ಮ ಗೂಡಿನ ಮಾರುಕಟ್ಟೆಯ ಜಾಲರಿ, ಜಗಲಿ, ಹರಾಜು ಕಟ್ಟೆ,
ಹೊರಗೆ ಬೈಕು ನಿಲ್ಲಿಸುವ ಜಾಗ, ಬಸ್‌ಸ್ಟ್ಯಾಂಡಿನ ತನಕ ರಸ್ತೆ
ಎಲ್ಲ ರಾಗಿ. ಒಳಗೆಲ್ಲೋ
ಒಂದು ಕಾಳು ಬೇರೆ ಬಣ್ಣ.

"ಹೆಂಗಮ್ಮ ಹಿಡೀತೀಯ ಅದನ್ನ?"
"ಕೈ ಹಾಕಿ ಹುಡುಕಲ್ಲ ಅಣ್ಣ, ಬೆಳಕನ್ನ ಕೇಳ್ತೀವಿ.
ಅಷ್ಟು ದೂರದಿಂದ ಬಂದ ಬೆಳಕಲ್ಲಿ ಯಾವ ಎಳೆ ಕಮ್ಮಿ ಅಂತ.
ಅಮ್ಮಿ ಕುದಿನೀರಲ್ಲಿ ಗೂಡಿನ ತುದಿ ಹಿಡೀತಿದ್ಳಲ್ಲ,
ಕಣ್ಣಿಗೆ ಕಾಣದ್ದು, ಬೆಂದ ಬೆರಳಿಗೆ ಕಂಡದ್ದು,
ಹಂಗೆ."

ಅವಳ ಇನ್ನೊಂದು ಪೆಟ್ಟಿಗೆ ನಮ್ಮ ಕಾಲೇಜಿನ ತಾರಸಿ ಮೇಲಿದೆ,
ಹಡಗಿನದರ ಅವಳಿ, ಕಡಲು ಕಾಣದ್ದು.
ನನ್ನ ಹಾಗೆ.
ಸಮುದ್ರವೇ ಇಲ್ಲದ ಊರಲ್ಲಿ ಅದು ಏನನ್ನುತ್ತದೋ ಅದು ಸೊನ್ನೆ,
ಆ ಸೊನ್ನೆಯ ಮೇಲೆ ಕಾಲೂರಿ ಅವಳು ಎಣಿಸುತ್ತಾಳೆ.
ಬೆಳಿಗ್ಗೆ ಆರಕ್ಕೆ ಏಣಿ ಹತ್ತಿ ಅದರ ಗಾಜು ಒರೆಸುವುದು,
ನಿವೃತ್ತಿಯಾದ ಮೇಲೂ, ನನ್ನ ಕೆಲಸ.
(ಸಂಬಳ ಇಲ್ಲ. ಕೊಟ್ಟರೆ ಬೇಡ ಅನ್ನುವವನೂ ಅಲ್ಲ.)

ಕಾರ್ತಿಕದ ಒಂದು ವಾರ ಸೊನ್ನೆ ಮೇಲೆದ್ದಿತು.
ಎರಡು. ಮೂರು. ಐದೂವರೆ.
ಹಡಗಿನಿಂದ ಮೆಸೇಜು: "ಅಣ್ಣ, ನಮ್ಮ ರಾಮಸಮುದ್ರ
ನಿಜವಾಗ್ಲೂ ಸಮುದ್ರ ಆಗೋಯ್ತಾ?"
ಕೆರೆಗಳಿಗೆಲ್ಲ ಸಮುದ್ರ ಅಂತ ಹೆಸರಿಟ್ಟ ಸೀಮೆ ನಮ್ಮದು;
ನಕ್ಕೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ.

ಬೆಳಗಿನ ಬಿಸಿಲಿಗೆ ಓರೆಯಾಗಿ ಬಗ್ಗಿ ನೋಡಿದೆ.
ಗಾಜಿನ ಮೇಲೆ ಬಿಳಿ ಪೊರೆ. ನಾಲಿಗೆ ತಾಗಿಸಿದೆ. ಉಪ್ಪು.
ಡಿಸ್ಟಿಲ್ಡ್ ವಾಟರ್ ಮುಗಿದು ಏಳು ದಿನ,
ಕೊಳವೆಬಾವಿ ನೀರಲ್ಲೇ ಒರೆಸಿದ್ದೆ,
ಸಾವಿರದ ಮುನ್ನೂರು ಅಡಿ ಕೆಳಗಿನದು,
ಯಾವ ಕಾಲದ ಮಳೆಯೋ, ಕಲ್ಲಿನ ಜತೆ ಕೂತು ಕೂತು
ಕಲ್ಲಿನದೇ ರುಚಿ ಕಲಿತದ್ದು.
ಮಂಜಾದ ಕಣ್ಣಲ್ಲಿ ಪೆಟ್ಟಿಗೆ ಇಲ್ಲದ್ದನ್ನು ಕಂಡಿತ್ತು.

ತಪ್ಪು ನನ್ನದು ಅಂತ ಬರೆದೆ. ಆ ಏಳು ದಿನ ಹೊಡೆದುಹಾಕು.
ಅವಳು ಹೊಡೆಯಲಿಲ್ಲವಂತೆ,
ಪಕ್ಕದಲ್ಲಿ ಸಣ್ಣಗೆ ಗುರುತು ಮಾಡಿದ್ದಾಳೆ:
ಗಾಜು, ಶಿಡ್ಲಘಟ್ಟ.

ಕಡಲಿಗೂ ನನಗೂ ಇರುವ ನಂಟು ಅಷ್ಟು, ಒಂದು ನಾಲಿಗೆ ತುದಿ.

ಇವತ್ತು: ಸೊನ್ನೆ, ಹೆಚ್ಚು ಕಮ್ಮಿ ಒಂದು.
ಮೋಡ ಇಲ್ಲ. ರೀಲಿಂಗ್ ಮನೆಗಳ ಹೊಗೆ ಪಡುವಣಕ್ಕೆ.
ಏಣಿಯ ಮೂರನೇ ಮೆಟ್ಟಿಲು ಅಲ್ಲಾಡುತ್ತಿದೆ,
ಮೊಳೆ ತರಬೇಕು.