ಭಾನುವಾರ ರಾತ್ರಿ ಒಂಬತ್ತಕ್ಕೆ

ನಮ್ಮಕ್ಕನಿಗೆ ಟೀವಿಯವರು
ಒಂದು ಮಹಡಿ ಕೊಟ್ಟಿದ್ದಾರೆ,
ಹದಿನಾಲ್ಕು ಮೆಟ್ಟಿಲು, ಹೊಳೆವ ಕಟಕಟೆ.
ಬೀಳುವುದಕ್ಕೆ ಬೇಕಲ್ಲ.
ಗಂಡನನ್ನು ಬಿಟ್ಟುಬಂದು, ಈರಿ ಊರಿನ ಹಳೇ ಬೀದಿಯಲ್ಲಿ
ಅವಳು ಹಿಡಿದ ಬಾಡಿಗೆ ಮನೆಗೆ
ಇದ್ದದ್ದು ಹೊರಗಿನ ಎರಡೇ ಮೆಟ್ಟಿಲು, ಸಿಮೆಂಟಿನವು,
ಒಂದು ಒಡೆದಿತ್ತು.

ಹೆಸರೂ ಬದಲು. ಬರ್ನಡೀನ್ ಅಂದರೆ
ಯಾರ ಕಿವಿಗೂ ಹಿತವಲ್ಲವಂತೆ; ಈಗ ಅವಳು ಕ್ಲೇರ್.
ಮೈದಾನದಂಥ ಅಡುಗೆಮನೆ, ನಡುವೆ ಕಲ್ಲುಕಟ್ಟೆ,
ಅದರ ಮೇಲೆ ಬುಟ್ಟಿತುಂಬ ನಿಂಬೆಹಣ್ಣು.
ಒಂಟಿ ಹೆಂಗಸಿಗೆ ಅಷ್ಟು ನಿಂಬೆಹಣ್ಣು ಯಾಕೆ?

ಅಮ್ಮ ಕುರ್ಚಿಯನ್ನು ಟೀವಿಯ ಹತ್ತಿರ ಎಳೆದುಕೊಂಡಿದ್ದಾಳೆ.
ತೊಡೆಯ ಮೇಲೆ ಕತ್ತರಿ, ಪೇಪರಿನ ಕೂಪನ್ನು.
ಕತ್ತರಿಸುತ್ತಿಲ್ಲ.
"ಹುಡುಗಿಯ ಕೋಟು ಚೆನ್ನಾಗಿದೆ," ಅಂದಳು ಮೊದಲು.
ಆಮೇಲೆ, "ಇವಳು ಸರಿಯಾಗಿ ಉಣ್ಣುವುದಿಲ್ಲ."
ಒಂದು ಸಲ ಆ ನಟಿ ಸಿಂಕಿನ ಮುಂದೆ ನಿಂತು
ಒಂದು ಪಾದದಿಂದ ಇನ್ನೊಂದು ಕಾಲಿನ ಮೀನಖಂಡ ಕೆರೆದುಕೊಂಡಳು,
ಥೇಟ್ ಬರ್ನಡೀನ್.
ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ, ಕಾಲು ತುರಿಸಿರಬೇಕು.
ನಾವಿಬ್ಬರೂ ಏನೂ ಮಾತಾಡಲಿಲ್ಲ.

ಜಾಹೀರಾತು ಬಂತು: ಹಿಮದಲ್ಲೂ ಜಾರದ ಟೈರು, ಪಾತ್ರೆ ಸೋಪು.
ಆ ಎರಡು ನಿಮಿಷ ಅಮ್ಮನ ಮುಖ ಸಡಿಲಾಯಿತು,
ಸೋಪಿನ ನೊರೆಯ ಆಚೆ ಎಲ್ಲೋ
ಹುಡುಗಿ ಬ್ಯಾಗು ತುಂಬಿಕೊಂಡು
ಬಸ್ಸು ಹತ್ತಿಬಿಟ್ಟಿರಬಹುದು ಅನ್ನುವ ಹಾಗೆ.

ಭಾವನ ಪಾತ್ರದವನಿಗೆ ಎಂಥ ದವಡೆ!
ಬಾಗಿಲಲ್ಲಿ ನಿಂತರೆ ಸಾಕು, ಪಿಟೀಲು ಕೊರೆಯತೊಡಗುತ್ತದೆ,
ನಾಯಿ ಗುರ್ರೆನ್ನುತ್ತದೆ.
ನಮ್ಮ ಗಾರ್ಡಿಗೆ ಯಾವ ಪಿಟೀಲೂ ಇರಲಿಲ್ಲ.
ಮೊಣಕೈಯಲ್ಲಿ ಹೊಟ್ಟೇಳುವ ಚರ್ಮ,
ರೈಲು ಎಂಜಿನ್ನಿನ ಕಾರ್ಖಾನೆಯ ಎಣ್ಣೆ ವಾಸನೆ.
ನಮ್ಮ ಹೀಟರು ಕೆಟ್ಟ ಜನವರಿಯಲ್ಲಿ
ರಾತ್ರಿಯೆಲ್ಲ ನೆಲಮಾಳಿಗೆಯಲ್ಲಿ ಕೂತು ಸರಿಮಾಡಿ
ಕಾಸು ಬೇಡವೆಂದ. ನಮ್ಮ ನಾಯಿ
ಅವನ ಬೂಟಿನ ಮೇಲೆ ತಲೆಯಿಟ್ಟು ಮಲಗುತ್ತಿತ್ತು.

ಸಿನಿಮಾದಲ್ಲಿ ತಂಗಿ ಇಲ್ಲ.
ವಕೀಲರ ಕಾಗದದಲ್ಲಿ ಬರೆದಿತ್ತು: ಕಥೆಯ ಅನುಕೂಲಕ್ಕೆ
ಕೆಲವರನ್ನು ಸೇರಿಸಬಹುದು, ಕೆಲವರನ್ನು ಕೈಬಿಡಬಹುದು.
ಸಹಿ ಹಾಕಿದೆವು. ಬಂದ ದುಡ್ಡಲ್ಲಿ ಸೋರುವ ಚಾವಣಿ ರಿಪೇರಿಯಾಯಿತು.
ಕೋರ್ಟಿನಲ್ಲಿ ಗಾರ್ಡಿ "ಯಾರೋ ಹೇಳಿದರು" ಅಂದಿದ್ದ, ಅಷ್ಟೇ.
ಹೆಸರು ಹೇಳಲಿಲ್ಲ.
ಆ ಒಂದು ಉಪಕಾರ ಇವತ್ತಿಗೂ ನನಗೆ ಅರಗಿಲ್ಲ.

ಆ ಯಾರೋಗೆ ಟೀವಿಯವರು ಪಕ್ಕದ ಮನೆಯವಳನ್ನು ಹುಟ್ಟಿಸಿದ್ದಾರೆ,
ಕೆಂಪು ಕೂದಲು, ಕೈಯಲ್ಲಿ ಕಾಫಿ ಮಗ್ಗು.
ಫೋನು ಬಡಿದುಕೊಳ್ಳುತ್ತದೆ.
ಆ ಕಡೆ ಅವನು ಅಳುತ್ತಿದ್ದಾನೆ,
ಒಂದೇ ಒಂದು ಸಲ ಮಾತಾಡಬೇಕು, ಕ್ಷಮೆ ಕೇಳಬೇಕು,
ಎಲ್ಲಿದ್ದಾಳೆ ಹೇಳು.
ಅವಳು ಹೇಳುತ್ತಾಳೆ. ಬೀದಿ, ಮನೆ ನಂಬರು.

ಅಮ್ಮ ಕತ್ತರಿಯನ್ನು ಕುರ್ಚಿಯ ತೋಳಿಗೆ ಕುಟ್ಟಿದಳು.
"ಬಾಯಿಬಡುಕಿ! ನಾಲಿಗೆ ಬಿದ್ದುಹೋಗಲಿ.
ಇವಳಿಗೇನು ಒಡಹುಟ್ಟಿದವರು ಯಾರೂ ಇಲ್ಲವಾ?"
ನಾನು ಎದ್ದು ಒಲೆಯ ಮೇಲೆ ನೀರಿಟ್ಟೆ.
ಚಹಾ ಬೇಕೇ ಅಂದೆ.
ಬೇಕು ಅಂದಳು, ಟೀವಿಯಿಂದ ಕಣ್ಣು ತೆಗೆಯದೆ.

ಹನ್ನೊಂದು ವರ್ಷವಾಯಿತು. ಅಮ್ಮ ಹೋಗಿ ಆರು.
ಚಳಿಗಾಲದಲ್ಲಿ, ನಿದ್ದೆ ಬಾರದವರ ಯಾವುದೋ ಚಾನೆಲ್ಲಿನಲ್ಲಿ
ಈಗಲೂ ಬರುತ್ತದೆ.
ಮೆಟ್ಟಿಲು ನೋಡುವುದಿಲ್ಲ ನಾನು,
ಕೋರ್ಟು, ಗೋರಿಯ ಮೇಲಿನ ಹೂವು, ಯಾವುದೂ ಇಲ್ಲ.
ಫೋನಿನ ತನಕ ಮಾತ್ರ.
ಕೆಂಪುಕೂದಲಿನವಳು ಉತ್ತರಿಸುವ ಮುನ್ನ
ಮಗ್ಗು ಕೆಳಗಿಡುತ್ತಾಳೆ, ಕಿಟಕಿಯಾಚೆ ನೋಡುತ್ತಾಳೆ,
ತುಟಿ ತೆರೆದು ಮುಚ್ಚುತ್ತಾಳೆ.
ನಾಲ್ಕು ಸೆಕೆಂಡು. ಎಣಿಸಿದ್ದೇನೆ.

ನಾನು ಅಷ್ಟು ಹೊತ್ತು ತಡೆದಿರಲಿಲ್ಲ.
ಒಲೆಯ ಮೇಲೆ ಸೂಪು ತಳ ಹಿಡಿಯುತ್ತಿತ್ತು.