ರದ್ದಿ, ಕಿಲೋಗೆ ಮೂವತ್ತೆಂಟು

ಮಂಗಳೂರು ಬಂದರಿನಿಂದ ಸಿದ್ದಾಪುರಕ್ಕೆ
ಲಾರಿಯಲ್ಲಿ ಬರುತ್ತದೆ ಪರದೇಶದ ಹಳೇ ಪೇಪರು,
ಯಾರೂ ಓದದ್ದು, ಮಡಿಕೆ ಕೂಡ ಮುರಿಯದ್ದು.
ಮೈದಾ ಅಂಟು ಕಾಸಿ ನಾನು ಕವರು ಮಾಡುತ್ತೇನೆ,
ಅರ್ಧ ಕಿಲೋದ್ದು, ಕಾಲು ಕಿಲೋದ್ದು,
ಮೊಯ್ದು ಕಾಕನ ಒಣಮೀನಿನ ಅಂಗಡಿಗೆ.

ಭಾಷೆ ಬಾರದು. ಚಿತ್ರ ಬರುತ್ತದೆ.

ಪೆಟ್ಟಿಗೆ ಜೋಡಿಸಿದಂಥ ಅಕ್ಷರದ ಪೇಪರಿನಲ್ಲಿ
ಬಾಣದ ಗುರುತಿನ ನಕ್ಷೆ, ಟ್ಯಾಂಕಿನ ಉದ್ದ ಅಗಲ.
ಬಲದಿಂದ ಎಡಕ್ಕೆ ಓಡುವುದರಲ್ಲಿ
(ಮದ್ರಸದ ನಾಲ್ಕಕ್ಷರ ಅಲ್ಲಿ ಸ್ವಲ್ಪ ದಾರಿ ಬಿಡುತ್ತದೆ)
ಮುರಿದ ಸೇತುವೆ, ಹೊಗೆ,
ಮುಂದೆ ಒಬ್ಬಳು ಹುಡುಗಿ, ಕಂಕುಳಲ್ಲಿ ಬೆಕ್ಕು.
ಇಂಗ್ಲಿಷಿನದರಲ್ಲೂ ಅದೇ ಸೇತುವೆ, ಅದೇ ಹೊಗೆ.
ಹುಡುಗಿಯ ಮೊಣಕೈ ಮಾತ್ರ ಅಂಚಲ್ಲಿ ಉಳಿದಿದೆ,
ಪಕ್ಕದಲ್ಲಿ ಟೈ ಕಟ್ಟಿದ ಇಬ್ಬರು ಕೈ ಕುಲುಕುತ್ತಾರೆ.
ನಮ್ಮ ಜಿಲ್ಲೆಯ ಪೇಪರು? ಏಳನೇ ಪುಟ, ಎರಡು ಬೆರಳಗಲ:
ಯುದ್ಧ; ಕರಿಮೆಣಸಿನ ದರ ಏರುವ ನಿರೀಕ್ಷೆ.
ಗಟ್ಟಿಯಾಗಿ ಓದಿದ್ದು ನಾನೇ. ಖುಷಿಯಾಗಿತ್ತು ಅನ್ನಿ,
ನಮ್ಮ ಹಿತ್ತಲಲ್ಲೂ ನಾಲ್ಕು ಬಳ್ಳಿ.

ಹವಾಲ್ದಾರ್ ಪೆಮ್ಮಯ್ಯ ಸಂತೆಗೆ ಬಂದರೆ
ಮೀನು ಮೂಸುವ ಮೊದಲು ಕವರು ನೋಡುತ್ತಾರೆ.
"ನಾನು ಹೋದ ಯುದ್ಧದಲ್ಲಿ ಒಂದು ನಾಲೆ ದಾಟಿದೆವು.
ದಾಟಿ ಎಣಿಸಿದರೆ ಹನ್ನೊಂದು ಜನ ಕಮ್ಮಿ.
ನಾಲ್ಕು ದಿನ ಕಳೆದು ಪೇಪರು ಸಿಕ್ಕಿತು, ನಮ್ಮದೇ,
ಅಲ್ಪ ನಷ್ಟ ಅಂತಿತ್ತು.
ಆಚೆ ದಡದವರ ಪೇಪರಿನಲ್ಲಿ
ನಾವು ದಾಟಿಯೇ ಇರಲಿಲ್ಲವಂತೆ."
ನಗುತ್ತಾರೆ. ಹಲ್ಲು ಕಟ್ಟಿಸಿದ್ದು.

"ನಮ್ಮಲ್ಲಿ ಸಾವಾದರೆ ಜೋಡಿ ಗುಂಡು, ಗೊತ್ತಲ್ಲ ಸುಹರಾ.
ನೂರೆಕರೆಯವನಿಗೂ ಎರಡೇ, ನನಗೂ ಎರಡೇ.
ತೋಟದಲ್ಲಿದ್ದವನು ಕತ್ತಿ ಕೆಳಗಿಟ್ಟು ಕೇಳ್ತಾನೆ,
ಯಾರ ಮನೆ?
ಗೆದ್ದದ್ದು ಯಾರು ಅಂತಲ್ಲ."

ಕಾಲು ಕಿಲೋ ಸಿಗಡಿ.
ಕಾಕನ ಕೈಗೆ ಸಿಕ್ಕಿದ್ದು ಬೆಕ್ಕಿನ ಹುಡುಗಿ.
"ಇದು ಬೇಡ."
ನಾನು ಇನ್ನೊಂದು ಕೊಟ್ಟೆ: ಕೈ ಕುಲುಕುವವರು.
ಅದಂತೂ ಬೇಡವೇ ಬೇಡ.
ಹುಡುಕಿ ಹುಡುಕಿ ಮತ್ತೊಂದು:
ಹಾಸಿಗೆಯ ಜಾಹೀರಾತು, ಬಾಯಿ ತೆರೆದು ಮಲಗಿದ ಹೆಂಗಸು.
"ಹ್ಞಾಂ, ಇದಾಗಬಹುದು" ಅಂತ
ಕೊಡೆಯ ಹಿಡಿಗೆ ಚೀಲ ಸಿಕ್ಕಿಸಿ ಹೊರಟರು
ಬಸ್‌ಸ್ಟ್ಯಾಂಡಿನ ಕಡೆ.

ಕವರಿನ ಒಳಮೈ ಅಂಟಿಸಿದವಳಿಗೆ ಗೊತ್ತು.
ಹಾಸಿಗೆಯ ಬೆನ್ನಿಗೇ ಸೇತುವೆ.
ಸಿಗಡಿಯ ಉಪ್ಪು ಈಗ
ಆ ಹೊಗೆಯನ್ನು ಮೆಲ್ಲಗೆ ಒದ್ದೆ ಮಾಡುತ್ತಿರಬೇಕು.
ನಾನೂ ಹೇಳಲಿಲ್ಲ.